ಅಳತೆಯಂತ್ರಗಳ ಶಿಲ್ಪಿ ವಿಲಿಯಂ ಹ್ಯೂಲೆಟ್

ನಮ್ಮ ಶಾಲೆಯ ಕಚೇರಿಯಲ್ಲಿರುವ ಪ್ರಿಂಟರಿನ ಮೇಲೆ ‘ಎಚ್‌ಪಿ’ ಎಂಬ ಎರಡಕ್ಷರಗಳನ್ನು ನೀವೆಲ್ಲರೂ ಕಂಡಿರುವಿರಿ. ಅವು ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರ ಮನೆತನದ ಹೆಸರುಗಳ ಮೊದಲ ಅಕ್ಷರಗಳು. ಯಾರ ಹೆಸರು ಮುಂದಿರಬೇಕೆಂಬುದನ್ನು ಅವರು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಮುಂದೆ ನಿಂತ ಹೆಸರಿನವನ ಜೀವನವನ್ನು ನಾವಿಲ್ಲಿ ಹೇಳಹೊರಟಿದ್ದೇವೆ.

ವಿಲಿಯಂ ಹ್ಯೂಲೆಟ್ಟನು 1913ನೆಯ ಇಸವಿ ಮೇ 20ರಂದು ಅಮೆರಿಕದ ಮಿಷಿಗನ್ ಪ್ರಾಂತ್ಯದ ಆನ್ ಆರ್ಬರ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಹೆಸರಾಂತ ವೈದ್ಯರು. 1916ರಲ್ಲಿ ಅವರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ಪದವಿ ದೊರೆಯಲು ಸಂಸಾರವು ಕ್ಯಾಲಿಫೋರ್ನಿಯಾಕ್ಕೆ ಬಂದಿತು. 1925ರಲ್ಲಿ, ಬಾಲಕನಿಗೆ ಹನ್ನೆರಡು ವರ್ಷವಾಗಿದ್ದಾಗ, ತಂದೆಯವರು ತೀರಿಕೊಂಡರು.

ಈ ಬಾಲಕನಿಗೆ ಅಕ್ಷರಗಳು ಸುಲಭವಾಗಿ ಒಲಿಯಲಿಲ್ಲ. ಇಂದು ಡಿಸ್ಲೆಕ್ಸಿಯಾ ಎಂದು ಕರೆಯುವ ಓದಿನ ತೊಡಕು ಆತನಿಗಿದ್ದಿತು. ಅಂದು ಅದನ್ನು ಯಾರೂ ಗುರುತಿಸಲಿಲ್ಲ. ಉಪಾಧ್ಯಾಯರು ಹೇಳಿದ್ದನ್ನು ಬರೆದುಕೊಳ್ಳುವುದು ಕಷ್ಟವಾದುದರಿಂದ, ಕಿವಿಯಿಂದ ಕೇಳಿ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವುದನ್ನು ರೂಢಿಸಿಕೊಂಡನು. ಅಂಕಗಳು ಸಾಧಾರಣವೇ. ವಿಶ್ವವಿದ್ಯಾಲಯ ಸೇರುವ ಸಮಯ ಬಂದಾಗ ಮುಖ್ಯೋಪಾಧ್ಯಾಯರಿಗೆ ಶಿಫಾರಸು ಬರೆಯಲು ಮನಸ್ಸಾಗಲಿಲ್ಲ. ತಾವು ಹಿಂದೆ ಬಹುವಾಗಿ ಮೆಚ್ಚಿಕೊಂಡಿದ್ದ ಶಿಷ್ಯನೇ ಈ ಹುಡುಗನ ತಂದೆಯೆಂದು ತಾಯಿಯಿಂದ ತಿಳಿದ ಮೇಲೆ ಬರೆದುಕೊಟ್ಟರಂತೆ. ತಂದೆಯ ಹೆಸರಿನ ಬಲವಿಲ್ಲದ ಮಕ್ಕಳ ಗತಿಯೇನು? ಇದನ್ನು ಓದಿದಾಗ ನಮ್ಮ ತರಗತಿಯಲ್ಲಿ ನಾವೇ ದಡ್ಡರೆಂದು ಗದರಿಸಿದ ಒಂದಿಬ್ಬರ ಮುಖಗಳು ಕಣ್ಣೆದುರು ಬಂದುವೆಂಬುದನ್ನು ಮುಚ್ಚಿಡಲಾರೆವು.

ಸ್ಟ್ಯಾನ್‌ಫರ್ಡಿನಲ್ಲಿ ಡೇವಿಡ್ ಪ್ಯಾಕರ್ಡನ ಗೆಳೆತನವೂ ಫ್ರೆಡರಿಕ್ ಟರ್ಮನ್ ಎಂಬ ಗುರುವಿನ ಪ್ರೋತ್ಸಾಹವೂ ದೊರೆತುವು. 1939ರಲ್ಲಿ 538 ಡಾಲರುಗಳ ಬಂಡವಾಳದಿಂದ, ಪಾಲೋ ಆಲ್ಟೋ ನಗರದ ಒಂದು ಬಾಡಿಗೆ ಮನೆಯ ಕಾರು ಕೊಟ್ಟಿಗೆಯಲ್ಲಿ ಸಂಸ್ಥೆ ಆರಂಭವಾಯಿತು. ಅವರ ಮೊದಲ ಸರಕು, ನಾನಾ ಸ್ಥಾಯಿಯ ಶುದ್ಧ ಸ್ವರಗಳ ವಿದ್ಯುತ್ ಕಂಪನಗಳನ್ನು ಹೊರಡಿಸುವ ಆಸಿಲೇಟರ್ ಯಂತ್ರ. ಧ್ವನಿಯಂತ್ರಗಳನ್ನು ಪರೀಕ್ಷಿಸಲು ಅದು ಬೇಕು. ಇಂತಹ ಯಂತ್ರಗಳಲ್ಲಿ ಕಂಪನವು ಒಮ್ಮೆ ಹೆಚ್ಚಿ ಒಮ್ಮೆ ಕುಗ್ಗಿ ಕಾಟ ಕೊಡುತ್ತಿದ್ದಿತು. ಹ್ಯೂಲೆಟ್ಟನು ಮಂಡಲದೊಳಗೆ ಒಂದು ಪುಟ್ಟ ವಿದ್ಯುದ್ದೀಪವನ್ನು ಸೇರಿಸಿದನು. ಕಂಪನ ಹೆಚ್ಚಿದರೆ ದೀಪದ ತಂತಿ ಕಾಯುತ್ತದೆ, ಕಾದರೆ ಅದರ ರೋಧ ಏರುತ್ತದೆ, ಆಗ ಕಂಪನ ತಾನಾಗಿಯೇ ತಗ್ಗುತ್ತದೆ. ಕಾವಲುಗಾರನೆಂದರೆ ಆ ದೀಪವೊಂದೇ! ಇತರರ ಯಂತ್ರಗಳಿಗೆ 200 ಡಾಲರುಗಳಿಗೂ ಮೀರಿದ ಬೆಲೆಯಿದ್ದಾಗ ಇವರು 54 ಡಾಲರು 40 ಸೆಂಟುಗಳೆಂದು ಸಾರಿ, ತಯಾರಿಕೆಯ ವೆಚ್ಚವೇ ಅದಕ್ಕಿಂತ ಹೆಚ್ಚೆಂದು ಆಮೇಲೆ ಅರಿತರು. ಸುಧಾರಿಸಿದ ಎಂಟು ಯಂತ್ರಗಳನ್ನು ವಾಲ್ಟ್ ಡಿಸ್ನಿಯ ಸಂಸ್ಥೆಯು ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿಗಾಗಿ ಕೊಂಡಿತು.

ಎರಡನೆಯ ಮಹಾಯುದ್ಧದಲ್ಲಿ ಹ್ಯೂಲೆಟ್ಟನು ಸೈನ್ಯದಲ್ಲಿ ಸೇವೆ ಸಲ್ಲಿಸಿದನು. 1964ರಲ್ಲಿ ಸಂಸ್ಥೆಯ ಅಧ್ಯಕ್ಷನಾದನು. ಅಂಗಿಯ ಜೇಬಿನಲ್ಲಿ ಹಿಡಿಸುವಂತಹ ಲೆಕ್ಕದ ಯಂತ್ರ ಬೇಕೆಂದು ಆತನು ಹಟ ಹಿಡಿದುದರ ಫಲವಾಗಿ 1972ರಲ್ಲಿ ಎಚ್‌ಪಿ–35 ಹೊರಬಂದಿತು.

ಆತನ ಅಧ್ಯಕ್ಷತೆಯ ಕಾಲದಲ್ಲಿಯೇ ಸಂಸ್ಥೆಯ ಎಂಜಿನಿಯರುಗಳು ಇನ್ನೊಂದು ಕೆಲಸ ಮಾಡಿದರು. ಅದುವರೆಗೆ ಒಂದೊಂದು ಅಳತೆಯಂತ್ರಕ್ಕೆ ಒಂದೊಂದು ಬಗೆಯ ತಂತಿ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅವರು 24 ಮೊನೆಗಳ ಒಂದೇ ಬಗೆಯ ಜೋಡಣೆಯನ್ನು ರಚಿಸಿ, ಹದಿನೈದು ಯಂತ್ರಗಳವರೆಗೆ ಒಂದೇ ಸಾಲಿನಲ್ಲಿ ಕೂಡಿಸಿದರು. 1975ರಲ್ಲಿ ಇದು ಐಇಇಇ 488 ಎಂಬ ಸಾರ್ವತ್ರಿಕ ಮಾನಕವಾಯಿತು. ಇತರ ತಯಾರಕರು ಜಿಪಿಐಬಿ ಎಂದು ಕರೆದರು. ಇದರಲ್ಲಿ ನಮಗೆ ಬಹಳ ಹಿಡಿಸಿದ ಏರ್ಪಾಡೊಂದಿದೆ. ಒಂದು ಯಂತ್ರ ಮಾತನಾಡುವಾಗ, ಕೇಳುವ ಯಂತ್ರಗಳ ಪೈಕಿ ಎಲ್ಲಕ್ಕಿಂತ ನಿಧಾನವಾದುದು ತನಗೆ ಮುಟ್ಟಿತೆಂದು ತಿಳಿಸುವವರೆಗೆ ಮುಂದಿನ ಮಾತು ಹೊರಡುವುದಿಲ್ಲ.

ನಿವೃತ್ತನಾದ ಮೇಲೆ ಬಹುಕಾಲ ಬಾಳಿ, ಹ್ಯೂಲೆಟ್ಟನು 2001ನೆಯ ಇಸವಿ ಜನವರಿ 12ರಂದು ತನ್ನ 87ನೆಯ ವಯಸ್ಸಿನಲ್ಲಿ ಮೃತನಾದನು. ಅಷ್ಟರಲ್ಲಿ ಅಳತೆಯಂತ್ರಗಳ ವಿಭಾಗವು ಅಜಿಲೆಂಟ್ ಎಂಬ ಹೆಸರಿನಿಂದ ಬೇರೆಯಾಗಿದ್ದಿತು.

ಮೇಲೆ ಹೇಳಿದ ಒಂದಿಬ್ಬರಲ್ಲಿ ಒಬ್ಬನು ಈಗ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಸಮೀಪ ವಿದ್ಯುತ್ ಉಪಕರಣಗಳ ದುರಸ್ತಿ ಮಾಡುತ್ತಾನೆ. ಕಳೆದ ವರ್ಷ ಆತನು ಒಂದು ಹಳೆಯ ಎಚ್‌ಪಿ ವೋಲ್ಟ್ ಮಾಪಕವನ್ನು ಗುಜರಿಯಲ್ಲಿ ಕೊಂಡನು. ಹಿಂಬದಿಯಲ್ಲಿ ಅದೇ 24 ಮೊನೆಗಳ ದ್ವಾರವಿದ್ದಿತು. ಕಂಪ್ಯೂಟರಿಗೆ ಜೋಡಿಸಲು ಅಗ್ಗವೆಂದು ಕೊಂಡ ಕಾರ್ಡು ಐಎಸ್‌ಎ ಎಂಬ ಹಳೆಯ ಸೀಳಿನದು. ಈಗಿನ ಕಂಪ್ಯೂಟರುಗಳಲ್ಲಿ ಆ ಸೀಳೇ ಇಲ್ಲ. ಬಳಿಕ ಪಿಸಿಐ ಕಾರ್ಡನ್ನು ತಂದು, ಅದು ಪಿಸಿಐ ಎಕ್ಸ್‌ಪ್ರೆಸ್ ಸೀಳಿನಲ್ಲಿ ಕೂಡುವುದಿಲ್ಲವೆಂದು ಕಂಡುಕೊಂಡನು. ಹೆಸರು ಹತ್ತಿರವಾದರೂ ಆಕಾರ ಬೇರೆ. ಕೊನೆಗೆ ಯುಎಸ್‌ಬಿಗೆ ಹೊಂದುವ ಜೋಡಕವನ್ನು ಆರಿಸಿದನು. ಈ ಸಲ ಹಣ ಕೊಡುವ ಮೊದಲೇ, ಅದರ ಚಾಲಕ ತಂತ್ರಾಂಶವು ತನ್ನ ಕಂಪ್ಯೂಟರಿನಲ್ಲಿ ನಡೆಯುವುದೇ ಎಂದು ವಿಚಾರಿಸಿದನು.

ಜೋಡಣೆಯೇನೋ ಆಯಿತು, ಮಾಪಕ ಮಾತ್ರ ಮೌನ. 1987ಕ್ಕೆ ಮುಂಚಿನ ಯಂತ್ರಗಳಿಗೆ ಸಮಾನವಾದ ಆಜ್ಞಾಭಾಷೆಯಿಲ್ಲ, ಒಂದೊಂದಕ್ಕೆ ತನ್ನದೇ ನುಡಿ. ಅದರ ಕೈಪಿಡಿಯನ್ನು ಹುಡುಕಿ ತಂದು, ಸಾಲುಸಾಲಿಗೆ ಬೆರಳಿಟ್ಟು, ಮೂರು ಸಂಜೆ ಓದಿದನಂತೆ. ನಾಲ್ಕನೆಯ ಸಂಜೆ ನಮಗೆ ಹೇಳಿಕಳುಹಿಸಿದನು. ನಾವು ಹೋದಾಗ ಮಾಪಕದಲ್ಲಿ ಮೂಡಿದ ಅಂಕಿಯೇ ಒಂದು ಕ್ಷಣ ತಡೆದು ಕಂಪ್ಯೂಟರಿನ ತೆರೆಯ ಮೇಲೂ ಮೂಡುತ್ತಿದ್ದಿತು.