ಮನೆತನದ ಕಥೆಯನ್ನೇ ವಾದವಾಗಿಸಿದ ವಕೀಲೆ ಪಾಲಿ ಮರ್ರೆ

1952ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಪಾಲಿ ಮರ್ರೆ ಎಂಬ ಕಪ್ಪು ವಕೀಲೆಗೆ ಕೆಲಸ ನಿರಾಕರಿಸಿತು. ಅವರ ಪರ ಶಿಫಾರಸು ಮಾಡಿದ್ದವರು ಎಲಿನಾರ್ ರೂಸ್‌ವೆಲ್ಟ್, ತರ್ಗುಡ್ ಮಾರ್ಷಲ್, ಫಿಲಿಪ್ ರಾಂಡಾಲ್ಫ್. ಕಮ್ಯುನಿಸ್ಟರ ಬೇಟೆ ಜೋರಾಗಿದ್ದ ಕಾಲವದು. ಇಂಥವರ ಒಡನಾಟ ಇದೆ ಅನ್ನೋದೇ ಅನುಮಾನಕ್ಕೆ ಸಾಕಾಯ್ತು. ಹಾಗಾದರೆ ನನ್ನ ಹಿಂದಿನವರು ಯಾರು ಅಂತ ತೋರಿಸಿಯೇ ಬಿಡ್ತೀನಿ ಎಂದು ಮರ್ರೆ ಹಟಕ್ಕೆ ಬಿದ್ದರು. ನಾಲ್ಕು ವರ್ಷಗಳ ನಂತರ ಅವರ ಕುಟುಂಬದ ಚರಿತ್ರೆ 'ಪ್ರೌಡ್ ಶೂಸ್' ಹೊರಬಂತು.

ಮರ್ರೆ ಹುಟ್ಟಿದ್ದು 1910ರಲ್ಲಿ, ಬಾಲ್ಟಿಮೋರ್‌ನಲ್ಲಿ. ಮೂರನೇ ವಯಸ್ಸಿಗೇ ತಾಯಿ ತೀರಿಕೊಂಡಿದ್ದರಿಂದ ನಾರ್ತ್ ಕೆರೋಲಿನಾದ ಡರ್ಹಮ್‌ನಲ್ಲಿ ದೊಡ್ಡಮ್ಮ, ಅಜ್ಜ, ಅಜ್ಜಿಯ ಆಸರೆಯಲ್ಲಿ ಬೆಳೆದರು. ಅಜ್ಜ ರಾಬರ್ಟ್ ಫಿಟ್ಜೆರಾಲ್ಡ್ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ವಿರುದ್ಧದ ಪಡೆಯಲ್ಲಿದ್ದವರು. ಆಮೇಲೆ ಬಿಡುಗಡೆಯಾದ ಗುಲಾಮರಿಗೆ ಅಕ್ಷರ ಕಲಿಸಿದರು. ಅಜ್ಜಿ ಕಾರ್ನೀಲಿಯಾ ಹುಟ್ಟಿದ್ದೇ ಗುಲಾಮಗಿರಿಯಲ್ಲಿ. ಅವರ ತಾಯಿ ಹ್ಯಾರಿಯೆಟ್ ಮೇಲೆ ಒಡೆಯನ ಮಗ ಸಿಡ್ನಿ ಸ್ಮಿತ್ ಅತ್ಯಾಚಾರ ಎಸಗಿದ್ದ. ಆತ ಕೂಡ ವಕೀಲ! ಮನೆಯವರು ಮುಚ್ಚಿಡಬಹುದಾಗಿದ್ದ ಈ ಸತ್ಯವನ್ನು ಮೊಮ್ಮಗಳು ಹೆಸರು ಸಮೇತ ಬರೆದರು. ಸ್ಮಿತ್ ಮನೆತನದ ರಕ್ತದ ಬಗ್ಗೆ ಅಜ್ಜಿಗಿದ್ದ ಹೆಮ್ಮೆಯನ್ನೂ ಬಿಡಲಿಲ್ಲ.

ಆ ಸ್ಮಿತ್ ಮನೆತನ ನಾರ್ತ್ ಕೆರೋಲಿನಾ ವಿಶ್ವವಿದ್ಯಾಲಯಕ್ಕೆ ಟ್ರಸ್ಟಿಯನ್ನೂ ಕೊಟ್ಟಿತ್ತು, ಜಮೀನನ್ನೂ ಬರೆದುಕೊಟ್ಟಿತ್ತು. ಅದೇ ವಿಶ್ವವಿದ್ಯಾಲಯ 1938ರಲ್ಲಿ ಮರ್ರೆಯ ಅರ್ಜಿಯನ್ನು ತಿರಸ್ಕರಿಸಿತು. ಕಾರಣ ಇಷ್ಟೇ, ಅವರು ಕಪ್ಪು ಜನಾಂಗದವರು. ಯಾರ ದುಡಿಮೆಯಿಂದ ಆ ಆಸ್ತಿ ಬೆಳೆಯಿತೋ ಅವರ ಮಕ್ಕಳಿಗೇ ಬಾಗಿಲು ಮುಚ್ಚಿತ್ತು.

ಗಾಂಧೀಜಿಯ ಸತ್ಯಾಗ್ರಹವನ್ನು ಓದಿಕೊಂಡಿದ್ದ ಮರ್ರೆ, 1940ರಲ್ಲಿ ವರ್ಜೀನಿಯಾದ ಬಸ್ಸೊಂದರಲ್ಲಿ ಹಿಂದಿನ ಮುರಿದ ಸೀಟಿಗೆ ಹೋಗಲು ಒಪ್ಪದೆ ಜೈಲು ಸೇರಿದರು. ಹೊವಾರ್ಡ್ ಕಾನೂನು ಕಾಲೇಜಿನ ತರಗತಿಯಲ್ಲಿ ಅವರೊಬ್ಬರೇ ಹೆಣ್ಣು. 1944ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರೂ, ಹೆಣ್ಣು ಎಂಬ ಕಾರಣಕ್ಕೆ ಹಾರ್ವರ್ಡ್ ಸೇರಿಸಿಕೊಳ್ಳಲಿಲ್ಲ. ಹೆಣ್ಣಿನ ಮೇಲಿನ ಈ ತಾರತಮ್ಯಕ್ಕೆ ಅವರು 'ಜೇನ್ ಕ್ರೋ' ಎಂದು ಹೆಸರಿಟ್ಟರು. ಜನಾಂಗ ಪ್ರತ್ಯೇಕತೆಯ ತತ್ವವನ್ನೇ ನೇರವಾಗಿ ಪ್ರಶ್ನಿಸಬೇಕು ಅಂದಾಗ ಸಹಪಾಠಿಗಳು ನಕ್ಕಿದ್ದರು. 25 ವರ್ಷದೊಳಗೆ ಆ ತತ್ವ ಬೀಳುತ್ತೆ ಅಂತ ಪ್ರಾಧ್ಯಾಪಕರ ಜೊತೆ 10 ಡಾಲರ್ ಪಂದ್ಯ ಕಟ್ಟಿದರು. 10 ವರ್ಷಕ್ಕೇ, 1954ರ ಬ್ರೌನ್ ತೀರ್ಪಿನಲ್ಲಿ ಅದು ಬಿತ್ತು. 1971ರಲ್ಲಿ ಲಿಂಗ ತಾರತಮ್ಯದ ರೀಡ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ರುತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ವಾದಪತ್ರದಲ್ಲಿ ಮರ್ರೆಯ ಹೆಸರನ್ನೂ ಸೇರಿಸಿ ಋಣ ಒಪ್ಪಿಕೊಂಡರು.

1977ರಲ್ಲಿ ಮರ್ರೆ ಎಪಿಸ್ಕೋಪಲ್ ಚರ್ಚಿನ ಮೊದಲ ಕಪ್ಪು ಮಹಿಳಾ ಪಾದ್ರಿಯಾದರು. ಆ ವರ್ಷ ಅವರು ಮೊದಲ ಸಲ ಪ್ರಭು ಭೋಜನದ ಪೂಜೆ ನಡೆಸಿದ್ದು ಚಾಪೆಲ್ ಹಿಲ್ ಊರಿನ ಚರ್ಚಿನಲ್ಲಿ. ಗುಲಾಮ ಮಗುವಾಗಿದ್ದ ಅಜ್ಜಿಗೆ ದೀಕ್ಷಾಸ್ನಾನ ಆಗಿದ್ದೂ ಅಲ್ಲೇ. 1985ರಲ್ಲಿ ಮರ್ರೆ ತೀರಿಕೊಂಡರು.

ವಂಶದ ಹಿರಿಮೆ ಹಾಡಿಕೊಳ್ಳೋಕೆ ಚರಿತ್ರೆ ಕೆದಕುವವರು ಎಲ್ಲ ಕಾಲದಲ್ಲೂ ಇದ್ದಾರೆ. ಮರ್ರೆ ಕೆದಕಿದ್ದು ಲೆಕ್ಕ ಕೇಳೋಕೆ. ನಮ್ಮ ಅಜ್ಜಿಯರ ಬಾಯಲ್ಲಿ ಉಳಿದಿರುವ ಇಂಥ ಲೆಕ್ಕಗಳನ್ನು ಬರೆದಿಟ್ಟುಕೊಳ್ಳೋಕೆ ಇನ್ನೂ ಸಮಯ ಇದೆ.