ಚಕ್ ಟೇಲರ್

ಚಾರ್ಲ್ಸ್ ಹೊಲಿಸ್ ಟೇಲರ್ (ಜೂನ್ 24, 1901 – ಜೂನ್ 23, 1969) ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ, ತರಬೇತುದಾರ ಹಾಗೂ ಶೂ ಮಾರಾಟಗಾರ. ಚಕ್ ಟೇಲರ್ ಎಂದೇ ಪ್ರಸಿದ್ಧರು. ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಕ್ಯಾನ್ವಾಸ್ ಶೂಗಳ ಮೇಲೆ ಇವರ ಸಹಿ ಇಂದಿಗೂ ಅಚ್ಚಾಗುತ್ತಿದೆ. ಆದರೆ ಅವುಗಳನ್ನು ಧರಿಸುವ ಹಲವರು ಇದು ಒಬ್ಬ ಮನುಷ್ಯನ ಹೆಸರೆಂಬುದನ್ನೇ ಅರಿಯರು.

ಬಾಲ್ಯ ಮತ್ತು ಆಟ

ಟೇಲರ್ ಜನಿಸಿದ್ದು ಇಂಡಿಯಾನಾ ರಾಜ್ಯದ ಬ್ರೌನ್ ಕೌಂಟಿಯಲ್ಲಿ. ಕೊಲಂಬಸ್ ಪಟ್ಟಣದ ಪ್ರೌಢಶಾಲೆಯಲ್ಲಿ ಓದುವಾಗ ಶಾಲಾ ತಂಡದ ಪ್ರಮುಖ ಆಟಗಾರರಾಗಿದ್ದರು. 1891ರಲ್ಲಿ ರೂಪುಗೊಂಡ ಬ್ಯಾಸ್ಕೆಟ್‌ಬಾಲ್ ಆಗಿನ್ನೂ ಎಳೆಯ ಆಟ. ವೃತ್ತಿಪರ ಆಟಗಾರರಿಗೆ ಸ್ಥಿರವಾದ ಆದಾಯವಿರಲಿಲ್ಲ. 1919ರಲ್ಲಿ ಶಾಲೆ ಮುಗಿಸಿದ ಬಳಿಕ ಟೇಲರ್ ಆಕ್ರನ್ ನಗರದ ಫೈರ್‌ಸ್ಟೋನ್ ಟೈರ್ ಕಂಪನಿಯ ತಂಡಕ್ಕೆ ಆಡಿದರು. ಹೆಸರಾಂತ ಒರಿಜಿನಲ್ ಸೆಲ್ಟಿಕ್ಸ್ ತಂಡದಲ್ಲಿಯೂ ಆಡಿದ್ದರೆಂಬ ಪ್ರಚಾರ ಬಹುಕಾಲ ನಡೆಯಿತು. ಅವರ ಜೀವನಚರಿತ್ರೆಕಾರ ಅಬ್ರಹಾಂ ಆಮಿಡೋರ್ ಇದನ್ನು ಒಪ್ಪುವುದಿಲ್ಲ. ಒಳ್ಳೆಯ ಮಾರಾಟಗಾರನಿಗೆ ತನ್ನ ಕಥೆಯನ್ನೂ ಮಾರುವ ಕಲೆ ತಿಳಿದಿರುತ್ತದೆಯಷ್ಟೆ.

ಕಾನ್ವರ್ಸ್ ಕಂಪನಿಯಲ್ಲಿ

ಮಾರ್ಕ್ವಿಸ್ ಕಾನ್ವರ್ಸ್ 1908ರಲ್ಲಿ ಮ್ಯಾಸಚೂಸೆಟ್ಸ್‌ನ ಮಾಲ್ಡನ್‌ನಲ್ಲಿ ಸ್ಥಾಪಿಸಿದ ರಬ್ಬರ್ ಶೂ ಕಂಪನಿಯು 1917ರಲ್ಲಿ ಆಲ್ ಸ್ಟಾರ್ ಶೂವನ್ನು ಮಾರುಕಟ್ಟೆಗೆ ತಂದಿತ್ತು. ಅಡಿಗೆ ರಬ್ಬರ್, ಮೇಲೆ ಕಣಕಾಲನ್ನು ಮುಚ್ಚುವ ಕ್ಯಾನ್ವಾಸ್. ರಚನೆ ಇಷ್ಟೇ ಸರಳ. 1920ರ ದಶಕದ ಆರಂಭದಲ್ಲಿ ಟೇಲರ್ ಶಿಕಾಗೋ ಕಚೇರಿಯಲ್ಲಿ ಮಾರಾಟಗಾರರಾಗಿ ಸೇರಿದರು.

ಅವರ ಮಾರಾಟದ ಕ್ರಮ ವಿಶಿಷ್ಟವಾದುದು. ಕಾರಿನಲ್ಲಿ ಶೂಗಳನ್ನು ತುಂಬಿಕೊಂಡು ಊರಿಂದೂರಿಗೆ ಹೋಗಿ, ಶಾಲಾ ಕಾಲೇಜುಗಳ ಆಟದ ಮನೆಗಳಲ್ಲಿ ತರಬೇತಿ ಶಿಬಿರ ನಡೆಸುತ್ತಿದ್ದರು. ಚೆಂಡು ರವಾನಿಸುವ, ಬುಟ್ಟಿಗೆಸೆಯುವ ವಿಧಾನಗಳನ್ನು ಸ್ವತಃ ಆಡಿ ತೋರಿಸುತ್ತಿದ್ದರು. ತರಬೇತುದಾರರ ವಿಶ್ವಾಸ ದೊರೆತ ಮೇಲೆ ಶೂಗಳ ಬೇಡಿಕೆ ತಾನಾಗಿಯೇ ಬರುತ್ತಿತ್ತು. ಕಂಪನಿಯ ಬ್ಯಾಸ್ಕೆಟ್‌ಬಾಲ್ ವಾರ್ಷಿಕ ಸಂಚಿಕೆಗಾಗಿ ದೇಶದ ಶ್ರೇಷ್ಠ ಆಟಗಾರರನ್ನು ಆರಿಸುವ ಕಾರ್ಯವೂ ಅವರದಾಗಿತ್ತು. ವರ್ಷದ ಬಹುಭಾಗ ಅವರು ಕಳೆದದ್ದು ಪ್ರವಾಸಿ ವಸತಿಗೃಹಗಳಲ್ಲಿ.

1930ರ ದಶಕದ ಆರಂಭದಲ್ಲಿ, ಕಣಕಾಲಿನ ಬಳಿಯಿದ್ದ ನಕ್ಷತ್ರದ ಬಿಲ್ಲೆಯ ಮೇಲೆ ಕಂಪನಿಯು ಅವರ ಸಹಿಯನ್ನು ಸೇರಿಸಿತು. ಇದಕ್ಕಾಗಿ ಅವರಿಗೆ ರಾಯಧನವೇನೂ ಸಲ್ಲಲಿಲ್ಲ. ಸಂಬಳ ಮತ್ತು ಪ್ರವಾಸದ ವೆಚ್ಚ ಪಡೆಯುವ ನೌಕರರಾಗಿಯೇ ಅವರು ಉಳಿದರು. ಇಂದಿನ ಆಟಗಾರರು ತಮ್ಮ ಹೆಸರಿನ ಶೂಗಳಿಂದ ಗಳಿಸುವ ಹಣವನ್ನು ನೆನೆದರೆ ಈ ಸಂಗತಿ ವಿಚಿತ್ರವೆನಿಸುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಹಾಯೋದ ರೈಟ್ ಫೀಲ್ಡ್ ವಾಯುನೆಲೆಯ ತಂಡಕ್ಕೆ ತರಬೇತಿ ನೀಡಿದರು. 1969ರಲ್ಲಿ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಅವರ ಹೆಸರು ಸೇರಿತು. ಅದೇ ವರ್ಷ, 68ನೆಯ ಹುಟ್ಟುಹಬ್ಬದ ಹಿಂದಿನ ದಿನ, ಫ್ಲೋರಿಡಾದ ಪೋರ್ಟ್ ಷಾರ್ಲೆಟ್‌ನಲ್ಲಿ ನಿಧನರಾದರು.

ಅಂಕಣದಿಂದ ಬೀದಿಗೆ

ಟೇಲರ್ ತೀರಿಕೊಂಡ ವರ್ಷವೇ ಆಡಿಡಾಸ್‌ನ ಚರ್ಮದ ಸೂಪರ್‌ಸ್ಟಾರ್ ಶೂ ಬಂದಿತು. ಮುಂದಿನ ದಶಕದಲ್ಲಿ ವೃತ್ತಿಪರ ಆಟಗಾರರು ಕ್ಯಾನ್ವಾಸನ್ನು ಕ್ರಮೇಣ ಕೈಬಿಟ್ಟರು. 1985ರ ಏರ್ ಜೋರ್ಡನ್ ಹೊತ್ತಿಗೆ ಆಲ್ ಸ್ಟಾರ್ ಅಂಕಣದಲ್ಲಿ ಹಳೆಯ ಕಾಲದ ವಸ್ತುವಾಗಿತ್ತು. ಅದನ್ನು ಉಳಿಸಿದವರು ಆಟವಾಡದ ತರುಣರು. ಬೆಲೆ ಅಗ್ಗವಾಗಿದ್ದುದರಿಂದ ರಾಕ್ ಸಂಗೀತಗಾರರು, ವಿದ್ಯಾರ್ಥಿಗಳು ಅದನ್ನು ಧರಿಸಿದರು. ಅದು ಮಾಸಿ ಹರಿದಷ್ಟೂ ಅವರಿಗೆ ಮೆಚ್ಚಿಕೆಯಾಯಿತು. 1990ರ ದಶಕದಲ್ಲಿ ನಿರ್ವಾಣ ತಂಡದ ಗಾಯಕ ಕರ್ಟ್ ಕೋಬೇನ್ ಇದನ್ನು ತೊಟ್ಟವರಲ್ಲಿ ಪ್ರಮುಖರು.

ಹೀಗಿದ್ದೂ 2001ರಲ್ಲಿ ಕಾನ್ವರ್ಸ್ ದಿವಾಳಿಯಾಯಿತು. 2003ರಲ್ಲಿ ನೈಕಿ ಸಂಸ್ಥೆ ಸುಮಾರು 30.5 ಕೋಟಿ ಡಾಲರ್‌ಗಳಿಗೆ ಅದನ್ನು ಕೊಂಡಿತು. 2013ರಲ್ಲಿ 1970ರ ದಶಕದ ವಿನ್ಯಾಸವನ್ನು ಚಕ್ 70 ಎಂಬ ಹೆಸರಿನಲ್ಲಿ ಮರಳಿ ತರಲಾಯಿತು. ಒಂದು ಕಾಲದಲ್ಲಿ ಅಗ್ಗದ ಶೂ ಆಗಿದ್ದ ಇದರ ಹಳೆಯ ರೂಪವು ಈಗ ಸಾಧಾರಣ ಆಲ್ ಸ್ಟಾರ್‌ಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ.