ಬಡವರ ಪತ್ತನ್ನು ಕಟ್ಟಿದ ರೈಫೈಸೆನ್ ಮಹಾಶಯನು

ಹಸಿದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬುದನ್ನು ಎಲ್ಲ ದೇಶಗಳ ಸತ್ಪುರುಷರೂ ಒಪ್ಪಿರುವರು. ಆದರೆ ಇಕ್ಕುವ ಕೈ ಬಳಲಿದ ಮೇಲೆ ಹಸಿದವನ ಗತಿಯೇನೆಂಬುದನ್ನು ಕೊನೆಮುಟ್ಟ ವಿಚಾರಿಸಿದವರು ವಿರಳ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಒಂದು ಬಡಸೀಮೆಯಲ್ಲಿ ಈ ಪ್ರಶ್ನೆಯನ್ನು ಹಿಡಿದು ಬಾಳಿದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ ಮಹಾಶಯನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು. ನಮ್ಮ ಹಳ್ಳಿಗಳ ಪತ್ತಿನ ಸಂಘಗಳಿಗೆ ಆತನ ಕಾರ್ಯವೇ ಮೂಲವಾಗಿರುವುದರಿಂದ, ಸದ್ಭಕ್ತರಾದ ವಾಚಕರಿಗೆ ಈ ಚರಿತ್ರೆಯು ಪರಕೀಯವೆನಿಸದು.

ರೈಫೈಸೆನ್ನನು 1818ನೆಯ ಇಸವಿ ಮಾರ್ಚ್ 30ರಂದು ಸೀಗ್ ನದಿಯ ತೀರದ ಹಾಮ್ ಎಂಬ ಊರಿನಲ್ಲಿ ಜನಿಸಿದನು. ಒಂಬತ್ತು ಮಕ್ಕಳಲ್ಲಿ ಈತನು ಏಳನೆಯವನು. ತಂದೆಯು ಊರಿನ ಮೇಯರನಾಗಿದ್ದರೂ ಬೇಗನೆ ಅಸ್ವಸ್ಥನಾದುದರಿಂದ ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಉಚ್ಚ ವಿದ್ಯಾಭ್ಯಾಸಕ್ಕೆ ಅನುಕೂಲವಿಲ್ಲದೆ, ಬಾಲಕನು ಊರಿನ ಪಾದ್ರಿಯ ಬಳಿಯಲ್ಲಿಯೇ ಕಲಿತನು. ಹದಿನೇಳನೆಯ ವಯಸ್ಸಿನಲ್ಲಿ ಪ್ರಷ್ಯಾದ ತೋಪುಖಾನೆಯ ದಂಡನ್ನು ಸೇರಿದನಾದರೂ, ಕಣ್ಣಿನ ರೋಗವು ತಲೆದೋರಿದ್ದರಿಂದ 1843ರಲ್ಲಿ ಆ ವೃತ್ತಿಯನ್ನು ಬಿಡಬೇಕಾಯಿತು. ಬಳಿಕ ಸರಕಾರದ ಆಡಳಿತಶಾಖೆಯನ್ನು ಸೇರಿ, 1845ರಲ್ಲಿ ವೆಸ್ಟರ್‌ವಾಲ್ಡ್ ಗುಡ್ಡಸೀಮೆಯ ವಾಯರ್‌ಬುಷ್ ಎಂಬಲ್ಲಿ ಹಲವು ಹಳ್ಳಿಗಳ ಮೇಲಿನ ಮೇಯರನಾದನು.

ಆತನು ಅಧಿಕಾರಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ ಧಾನ್ಯವೂ ಬಟಾಟೆಯೂ ಬೆಳೆಯದೆ, 1846–47ರ ಚಳಿಗಾಲದಲ್ಲಿ ಘೋರ ಕ್ಷಾಮವು ತಲೆದೋರಿತು. ಸರಕಾರವು ಹಿಟ್ಟನ್ನು ಕಳುಹಿಸಿತು. ಆದರೆ ನಗದು ಕೊಟ್ಟವರಿಗೆ ಮಾತ್ರ ಅದನ್ನು ಮಾರಬೇಕೆಂಬ ಕಟ್ಟಳೆಯನ್ನು ಹಾಕಿತ್ತು. ಕೈಯಲ್ಲಿ ಕಾಸಿಲ್ಲದವನಿಗೆ ಆ ಹಿಟ್ಟು ಇದ್ದೂ ಇಲ್ಲದಂತೆಯೇ. ರೈಫೈಸೆನ್ನನು ಕಟ್ಟಳೆಯನ್ನು ಬದಿಗಿಟ್ಟು ಬಡವರಿಗೆ ಕಡವಾಗಿ ಹಿಟ್ಟನ್ನು ಹಂಚಿಸಿದನು. ಉಳ್ಳವರನ್ನು ಕೂಡಿಸಿ ಹಣವನ್ನೆತ್ತಿದನು. ಆ ಹಣದಿಂದ ಧಾನ್ಯವನ್ನು ತರಿಸಿ, ಊರೊಟ್ಟಿನ ಒಲೆಯಲ್ಲಿ ರೊಟ್ಟಿ ಸುಡಿಸಿ, ಪೇಟೆಯ ಧಾರಣೆಗಿಂತ ಬಹಳ ಅಗ್ಗವಾಗಿ ಒದಗಿಸಿದನು. ಇದಕ್ಕೆ ರೊಟ್ಟಿಯ ಸಂಘವೆಂದು ಹೆಸರಾಯಿತು.

1848ರಲ್ಲಿ ಆತನಿಗೆ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿಗೆ ವರ್ಗವಾಯಿತು. ಅಲ್ಲಿ ಕ್ಷಾಮಕ್ಕಿಂತಲೂ ಕ್ರೂರವಾದ ಪೀಡೆಯೊಂದನ್ನು ಕಂಡನು. ಬಡ ಒಕ್ಕಲಿಗನ ಕೊಟ್ಟಿಗೆಯಲ್ಲಿ ದನವಿರುವುದು. ಮೇವು ಹಾಕುವವನು ಆತನೇ. ಆದರೆ ದನವು ಸಾಹುಕಾರನದು, ಈದ ಕರುವಿನ ಲಾಭವೂ ಬಹುಮಟ್ಟಿಗೆ ಸಾಹುಕಾರನದೇ. ಒಮ್ಮೆ ಈ ಬಲೆಯಲ್ಲಿ ಸಿಕ್ಕವನ ಹೊಲಮನೆಗಳು ಕ್ರಮೇಣ ಬಡ್ಡಿಗೆ ಬಲಿಯಾಗುತ್ತಿದ್ದವು. 1849ರಲ್ಲಿ ರೈಫೈಸೆನ್ನನು ಸುಮಾರು ಅರವತ್ತು ಮಂದಿ ಸ್ಥಿತಿವಂತರನ್ನು ಒಡಗೂಡಿಸಿ ಸಹಾಯಕ ಸಂಘವನ್ನು ಸ್ಥಾಪಿಸಿದನು. ಸಂಘವು ದನಗಳನ್ನು ಕೊಂಡು, ಐದು ವರ್ಷಗಳ ಕಂತುಗಳ ಮೇಲೆ ರೈತರಿಗೆ ಕೊಟ್ಟಿತು. ಮುಂದೆ ಹಣವನ್ನೂ ಸಾಲವಾಗಿ ಕೊಡತೊಡಗಿತು.

1852ರಲ್ಲಿ ರೈನ್ ನದಿಯ ಬಳಿಯ ಹೆಡ್ಡೆಸ್‌ಡಾರ್ಫಿಗೆ ಬಂದ ಆತನು 1854ರಲ್ಲಿ ಇನ್ನೂ ವಿಶಾಲವಾದ ಧರ್ಮಸಂಘವನ್ನು ಕಟ್ಟಿದನು. ದಿಕ್ಕಿಲ್ಲದ ಮಕ್ಕಳ ಪೋಷಣೆ, ಸೆರೆಮನೆಯಿಂದ ಬಿಡುಗಡೆಯಾದವರಿಗೆ ಕೆಲಸ, ವಾಚನಾಲಯ, ಸಾಲ, ಇವೆಲ್ಲವೂ ಅದರ ಉದ್ದೇಶಗಳಾಗಿದ್ದವು. ಆದರೆ ವರ್ಷಗಳು ಉರುಳಿದಂತೆ ದಾನಿಗಳ ಉತ್ಸಾಹವು ಕುಗ್ಗಿತು. ಹೊಣೆ ಹೊತ್ತವರು ಉಳ್ಳವರು, ಫಲ ಉಂಡವರು ಇಲ್ಲದವರು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತಿರಲಿಲ್ಲ. ಉಳ್ಳವರು ಧರ್ಮಬುದ್ಧಿಯಿಂದ ಇಲ್ಲದವರನ್ನು ಉದ್ಧರಿಸಬೇಕೆಂಬುದು ರೈಫೈಸೆನ್ನನ ಬಹುಕಾಲದ ನಂಬಿಕೆಯಾಗಿದ್ದಿತು. ತಾನೇ ಕಟ್ಟಿದ ಸಂಸ್ಥೆಯು ಕಣ್ಣೆದುರಿಗೆ ಸೊರಗುತ್ತಿರಲು, ಆ ನಂಬಿಕೆಯನ್ನು ತಿದ್ದಿಕೊಳ್ಳುವುದು ಆತನಿಗೆ ಸುಲಭವಾಗಲಿಲ್ಲ. ಕಡೆಗೆ 1864ರಲ್ಲಿ ಹಳೆಯ ಸಂಘದ ಸ್ಥಾನದಲ್ಲಿ ಸಾಲದ ಸಂಘವನ್ನು ಸ್ಥಾಪಿಸಿ, ಸಾಲ ಬೇಡುವವನು ಮೊದಲು ಸದಸ್ಯನಾಗತಕ್ಕದ್ದೆಂದು ವಿಧಿಸಿದನು. ಪಡೆಯುವವನೇ ಹೊಣೆಗಾರನಾದನು. ಆತನ ಬಾಳಿನ ಮಹತ್ವದ ತಿರುವು ಇದೇ.

ಈ ಸಂಘಗಳ ನಿಯಮಗಳು ಸರಳವಾಗಿದ್ದವು. ಸಂಘವು ಒಂದು ಹಳ್ಳಿ ಅಥವಾ ಸಣ್ಣ ಪ್ರದೇಶಕ್ಕೆ ಸೀಮಿತವಾಗಿರಬೇಕು. ಅಲ್ಲಿ ಒಬ್ಬನ ನಡತೆಯನ್ನು ಮತ್ತೊಬ್ಬನು ಬಲ್ಲನು. ಸಂಘದ ಋಣಕ್ಕೆ ಎಲ್ಲ ಸದಸ್ಯರೂ ಅಪರಿಮಿತವಾಗಿ ಹೊಣೆಯಾಗಬೇಕು. ಒಬ್ಬೊಬ್ಬನಾಗಿ ಪತ್ತಿಲ್ಲದ ಬಡವರಿಗೆ ಈ ಒಗ್ಗಟ್ಟಿನ ಹೊಣೆಯಿಂದ ಪತ್ತು ದೊರೆಯುವುದು. ಸಾಲವನ್ನು ಉತ್ಪಾದನೆಯ ಕಾರ್ಯಕ್ಕೆ, ಜಾಮೀನಿನ ಮೇಲೆ, ಬೆಳೆ ಬಂದು ತೀರಿಸುವಷ್ಟು ಅವಧಿಗೆ ಕೊಡಬೇಕು. ಲೆಕ್ಕಿಗನ ಹೊರತು ಆಡಳಿತದವರಾರೂ ಸಂಬಳ ಪಡೆಯಕೂಡದು. ಲಾಭವನ್ನು ಹಂಚಿಕೊಳ್ಳದೆ, ಯಾರೂ ಪಾಲು ಕೇಳಲಾಗದ ಮೀಸಲು ನಿಧಿಗೆ ಸೇರಿಸಬೇಕು. ಪಟ್ಟಣಗಳ ಕುಶಲಕರ್ಮಿಗಳಿಗಾಗಿ ಪತ್ತಿನ ಸಂಘಗಳನ್ನು ಕಟ್ಟಿದ್ದ ಷುಲ್ಜೆ-ಡೆಲಿಚ್ ಮಹಾಶಯನು ಷೇರುಗಳಿಲ್ಲದ ಈ ಕ್ರಮವನ್ನೂ ದೀರ್ಘಾವಧಿಯ ಸಾಲವನ್ನೂ ಬಲವಾಗಿ ಖಂಡಿಸಿದನು. ಇವರಿಬ್ಬರ ವಾದವು ಬಹುಕಾಲ ನಡೆಯಿತು.

ಆತನ ಸ್ವಂತ ಬಾಳು ಸುಖಮಯವಾಗಿರಲಿಲ್ಲ. 1863ರಲ್ಲಿ ಪತ್ನಿ ಎಮಿಲಿಯು ತೀರಿಕೊಂಡಳು. ದೃಷ್ಟಿಯು ಮಂದವಾಗಿ, 1865ರಲ್ಲಿ ಅಲ್ಪ ವಿಶ್ರಾಂತಿವೇತನದೊಡನೆ ಅಧಿಕಾರವನ್ನು ಬಿಡಬೇಕಾಯಿತು. ಜೀವನೋಪಾಯಕ್ಕಾಗಿ ದ್ರಾಕ್ಷಾಮದ್ಯದ ವ್ಯಾಪಾರವನ್ನು ಕೈಕೊಂಡನು. ಹಿರಿಯ ಮಗಳು ಅಮಾಲಿಯೇ ಆತನಿಗೆ ಕಣ್ಣಾಗಿ, ಓದುವ ಬರೆಯುವ ಕೆಲಸವನ್ನೆಲ್ಲ ನೆರವೇರಿಸಿದಳು. ಆಕೆಯ ವಿವಾಹಕ್ಕೆ ತಂದೆಯು ಸಮ್ಮತಿಸಲಿಲ್ಲ. ಸಾವಿರಾರು ಮನೆಗಳನ್ನು ಉಳಿಸಿದವನು ಸ್ವಂತ ಮಗಳ ಮನೆಯನ್ನು ಕಟ್ಟಗೊಡಲಿಲ್ಲವೆಂಬುದನ್ನು ಚರಿತ್ರಕಾರನು ಮರೆಮಾಚಲಾಗದು. 1866ರಲ್ಲಿ ಸಾಲದ ಸಂಘಗಳನ್ನು ಕುರಿತ ಆತನ ಗ್ರಂಥವು ಪ್ರಕಟವಾಗಿ, ಅದನ್ನೋದಿದವರು ಊರೂರುಗಳಲ್ಲಿ ಸಂಘಗಳನ್ನು ಕಟ್ಟಿದರು. ಒಂದೆಡೆಯ ಉಳಿತಾಯವು ಮತ್ತೊಂದೆಡೆಯ ಕೊರತೆಗೆ ಒದಗುವಂತೆ 1872ರಲ್ಲಿ ನಾಯ್‌ವೀಡಿನಲ್ಲಿ ಸಂಘಗಳ ಬ್ಯಾಂಕೂ, 1876ರಲ್ಲಿ ಕೇಂದ್ರ ಸಾಲನಿಧಿಯೂ ಸ್ಥಾಪಿತವಾದವು. ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಹತ್ತೊಂಬತ್ತು ದಿನಗಳಿರುವಾಗ, 1888ರ ಮಾರ್ಚ್ 11ರಂದು ಆತನು ಕಾಲವಶನಾದನು.

ಕಾರ್ಯವು ಆತನೊಡನೆ ಅಸ್ತಮಿಸಲಿಲ್ಲ. ರೈತರ ಋಣಭಾರದಿಂದ ಚಿಂತಿತವಾದ ಮದರಾಸು ಸರಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿನ ಪತ್ತಿನ ಸಂಸ್ಥೆಗಳ ಅಭ್ಯಾಸಕ್ಕೆ ನಿಯಮಿಸಿತು. 1895 ಮತ್ತು 1897ರಲ್ಲಿ ಹೊರಬಂದ ಆತನ ವಿಸ್ತಾರವಾದ ವರದಿಯು ರೈಫೈಸೆನ್ನನಂಥವನನ್ನು ಈ ದೇಶದಲ್ಲಿ ಹುಡುಕಬೇಕೆಂಬ ಸಲಹೆಗೆ ಬಂದು ನಿಂತಿತು. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯಿದೆಯು ಜಾರಿಗೆ ಬಂದಿತು. ಮರುವರ್ಷ, 1905ರಲ್ಲಿ, ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರಿನ ಒಕ್ಕಲಿಗರನ್ನು ಕೂಡಿಸಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದ ಸಹಕಾರ ಚಳವಳಿಯ ಮೊದಲ ಸಂಘಗಳಲ್ಲಿ ಅದಕ್ಕೆ ಅಗ್ರಸ್ಥಾನವು ಸಲ್ಲುತ್ತಿದೆ. 2016ರಲ್ಲಿ ಯುನೆಸ್ಕೋ ಸಂಸ್ಥೆಯು ಸಹಕಾರ ಸಂಘಗಳ ಕಲ್ಪನೆಯನ್ನೂ ಆಚರಣೆಯನ್ನೂ ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ದೀನರ ಸೇವೆಗೆಂದು ಸಂಸ್ಥೆಗಳನ್ನು ನಡೆಸುವವರು ವರ್ಷಾಂತ್ಯದಲ್ಲಿ ಎಷ್ಟು ಮಂದಿಗೆ ಎಷ್ಟು ಕೊಟ್ಟೆವೆಂದು ಲೆಕ್ಕ ಬರೆಯುವುದು ವಾಡಿಕೆ. ರೈಫೈಸೆನ್ನನು ಹದಿನೇಳು ವರ್ಷಗಳ ಅನುಭವದಿಂದ ಆ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಪುಟವನ್ನು ಸೇರಿಸಿದನು. ನಿನ್ನೆ ಪಡೆಯುವವರ ಪಟ್ಟಿಯಲ್ಲಿದ್ದವರಲ್ಲಿ ಎಷ್ಟು ಮಂದಿಯ ಹೆಸರು ಇಂದು ಹೊಣೆ ಹೊತ್ತವರ ಪಟ್ಟಿಗೆ ಬಂದಿದೆಯೆಂಬುದನ್ನು ಆ ಪುಟವು ತೋರಿಸುವುದು.